ಅಂಬಿಗನ ಕತೆ ಮತ್ತು ಸಂಪಾದಕಿ ಕಾಕು

ಕಾಕುವಿನ ಬಲಗೈ ನಡುಬೆರಳಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಗಂಟೊಂದಿತ್ತು. ಪೆನ್ನು ಒತ್ತಿ ಒತ್ತಿ ಆದದ್ದು, ಮಸಿ ಇಳಿದು ನೀಲಿಗಟ್ಟಿತ್ತು. ಅದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದರು, ಅದೇ ಕೈಯಿಂದ ನಮ್ಮ ಬರಹಗಳನ್ನು ನಿರ್ದಯವಾಗಿ ಹೊಡೆದುಹಾಕುತ್ತಿದ್ದರು. ನಮ್ಮ ಪಕ್ಕದ ಮನೆಯವರು. ನಮ್ಮ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ; ಇವರು ಇಡೀ ಕ್ವಾರ್ಟರ್ಸಿಗೆ ಸಂಪಾದಕಿ ಕಾಕು.

ಹೈದರಾಬಾದಿನ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿನ ಕನ್ನಡ ಸಂಘ ಕೈಬರಹದ ದೀಪಾವಳಿ ಸಂಚಿಕೆ ತರುತ್ತಿತ್ತು. ಇದ್ದದ್ದು ಒಂದೇ ಪ್ರತಿ. ಅಬಿಡ್ಸ್ ಪೇಟೆಗೆ ಹೋಗಿ ತಾವೇ ಕಾಗದ ಆರಿಸಿ ತಂದು, ಎಲ್ಲರ ಬರಹವನ್ನೂ ಕಾಕು ನಕಲು ಮಾಡುತ್ತಿದ್ದರು. ಅದು ಮನೆಯಿಂದ ಮನೆಗೆ ಹೋಗುತ್ತಿತ್ತು, ಒಂದು ಮನೆಗೆ ಎರಡು ದಿನ. ಮೂರನೆಯ ದಿನವೂ ಮುಂದೆ ಹೋಗದಿದ್ದರೆ, "ಪುಸ್ತಕದ್ದು ಉಪ್ಪಿನಕಾಯಿ ಹಾಕಾಕತ್ತೀರೇನ್ರಿ?" ಎಂದು ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

ನಾನಾಗ ಡಿಗ್ರಿ ಕೊನೆಯ ವರ್ಷ. ಒಂದು ಕತೆ ಬರೆದು, ಹೆಸರು ಹಾಕದೆ ಅವರ ಕೈಗಿತ್ತೆ. ರಾಜಕುಮಾರಿಯನ್ನು ತರಲು ಹೊರಟ ರಾಜಕುಮಾರ, ನದಿ ದಾಟಿಸಿದ ಅಂಬಿಗನನ್ನೇ ಮೆಚ್ಚಿ ದೋಣಿಯಲ್ಲೇ ಮದುವೆಯಾಗುತ್ತಾನೆ. ಮೀನುಗಳೆಲ್ಲ ನೀರಿನಿಂದೆದ್ದು ಅಕ್ಷತೆ ಹಾಕುತ್ತವೆ. ಕಾಕು ಓದಿ ಮುಗಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕಡೀಕ ಗಡಿಬಿಡಿ ಮಾಡೀದಿ ತಮ್ಮಾ. ಮೀನು ಇನ್ನೊಂದೀಟು ಹೊತ್ತು ನಿಂದರಲಿ," ಎಂದರು. ಬೇರೇನೂ ಕೇಳಲಿಲ್ಲ.

ಸಂಚಿಕೆ ನಾಲ್ಕು ಮನೆ ದಾಟುವಷ್ಟರಲ್ಲಿ ಗದ್ದಲವೆದ್ದಿತು. ಭಾನುವಾರ ಮುಂಜಾನೆ ಸಂಘದ ಕಮಿಟಿಯವರು ಕಾಕುವಿನ ಮನೆಗೆ ಬಂದರು. ಮುಂದೆ ನಿಂತವರು ಕಾರ್ಯದರ್ಶಿ, ಅಂದರೆ ನನ್ನ ಅಪ್ಪ. ನಾನೂ ಹಿಂದೆ ಹೋದೆ.

"ಈ ಹೊಲಸು ಬರದಾಂವ ಯಾರು?" ಅಪ್ಪ ಕೇಳಿದರು. "ಮೂಲ ಹಾಳಿ ಇರಬೇಕಲ್ರಿ, ತರ್ರಿ. ಅಕ್ಷರ ನೋಡಿದ್ರ ಗೊತ್ತಾಗತೈತಿ."

ಹಾಳೆಗಳಿದ್ದ ಚೀಲ ಬಾಗಿಲ ಬದಿಯ ಗೂಟಕ್ಕೆ ನೇತಾಡುತ್ತಿತ್ತು. ನನ್ನ ಅಕ್ಷರ ತಿದ್ದಿಸಿದವರೇ ಅಪ್ಪ. ಒಂದು ಸಾಲು ಸಾಕಿತ್ತು. ಅವರ ಕೈ ಚೀಲದತ್ತ ಎದ್ದಿತು.

"ಯಾಕ ಹುಡುಕತೀರಿ?" ಕಾಕು ಚೀಲ ಇಳಿಸಿ ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟರು. "ನಾನ ಬರದೀನಿ."

"ಈ ವಯಸ್ಸಿನ್ಯಾಗ?" ಅಪ್ಪನ ದನಿ ಏರಿತು.

"ಬರಿಯಾಕ ವಯಸ್ಸಿನ ಪರವಾನಗಿ ಬೇಕೇನ್ರಿ? ಭಾಳ ದಿನದಿಂದ ಮನಸ್ಸಿನ್ಯಾಗಿತ್ತು, ಬರದೆ."

ಯಾರೂ ನಂಬಲಿಲ್ಲ ಅಂತ ಈಗ ಅನಿಸುತ್ತದೆ. ಆದರೆ ಹೆಣ್ಣುಮಗಳ ಮಡಿಲಿನಿಂದ ಚೀಲ ಕಸಿಯುವ ಧೈರ್ಯ ಯಾರಿಗೂ ಆಗಲಿಲ್ಲ. ಸಂಚಿಕೆಯನ್ನು ಮಾತ್ರ ಅವರ ಕೈಯಿಂದ ತಪ್ಪಿಸಿದರು. ಇಪ್ಪತ್ತು ವರ್ಷ ಜೀವ ತೇದು ನಡೆಸಿದ ಕೆಲಸ ಅಂದೇ ಮುಗಿಯಿತು. ನಾನು ತುಟಿ ಬಿಚ್ಚದೆ ನಿಂತಿದ್ದೆ. ಹೇಡಿ, ಬೇರೆ ಮಾತಿಲ್ಲ.

ಸಂಜೆ ಕ್ಷಮೆ ಕೇಳಲು ಹೋದರೆ ಸಿಡಿದರು: "ಅಳೂದು ಬಿಟ್ಟು ಇನ್ನೊಂದು ಬರಿ."

ಬರೆದೆ. ಈಗ ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ನೌಕರಿ, ಬೇರೆ ಹೆಸರಿನಲ್ಲಿ ಇಂಥವೇ ಮಾಯದ ಕತೆಗಳ ಎರಡು ಪುಸ್ತಕ. ಒಂದೊಂದು ಕತೆಯನ್ನೂ ಮೊದಲು ಓದಿ ಬೈದವರು ಕಾಕುವೇ.

ಹೋದ ತಿಂಗಳು ಅವರು ತೀರಿಕೊಂಡರು. ಸಂಘದ ಶ್ರದ್ಧಾಂಜಲಿ ಸಭೆಯಲ್ಲಿ ಅಪ್ಪ ಮೈಕು ಹಿಡಿದು ಮನಸಾರೆ ಹೊಗಳಿದರು. ಆಮೇಲೆ, "ಒಂದ ಸಲ ಎಡವಿದ್ರು. ಈಗ ಅದನ್ನ ಎಲ್ಲಾರೂ ಮರತು ಬಿಡೂಣು," ಎಂದರು. ಜನ ತಲೆಯಾಡಿಸಿದರು.

ನಾನು ಎದ್ದು ನಿಂತೆ.

"ಅವರು ಎಡವಿಲ್ಲಪ್ಪಾ. ಆ ಅಂಬಿಗನ ಕತಿ ನಂದು," ಎಂದೆ. "ಮತ್ತ, ಅದು ಬರೇ ಕತಿ ಅಲ್ಲ. ಆ ರಾಜಕುಮಾರ ನಾನ."