ಹಾವಿನ ಕಾಲಿನ ಪಾಠ

ಚಿಕ್ಕೋಡಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೈಗುಣ ಇರುವುದು ಒಬ್ಬಳಿಗೇ. ಅವಳು ಅಟೆಂಡರ್ ನೀಲಮ. ನಾಲ್ಕು ದಿನ ಕಾವಿಗಿಟ್ಟ ಕೋಳಿಮೊಟ್ಟೆಯ ಚಿಪ್ಪನ್ನು ದುಂಡಗೆ ಕತ್ತರಿಸಿ, ಒಳಗಿನ ಭ್ರೂಣವನ್ನು ಹರಿಯದಂತೆ ಎತ್ತಿ, ಬೆಚ್ಚಗಿನ ಉಪ್ಪುನೀರಿನ ಗಾಜಿನ ಬಟ್ಟಲಿಗೆ ಇಳಿಸುವುದು ಅವಳ ಕೆಲಸ. ಅಲ್ಲಿಯೂ ಅದರ ಗುಂಡಿಗೆ ಸ್ವಲ್ಪ ಹೊತ್ತು ಬಡಿಯುತ್ತಿರುತ್ತದೆ. ಹದಿನೆಂಟು ವರ್ಷ ಪಾಠ ಮಾಡಿದ ನಾನು ಇವತ್ತಿಗೂ ಹತ್ತರಲ್ಲಿ ನಾಲ್ಕನ್ನು ಹರಿದುಬಿಡುತ್ತೇನೆ. ನನಗೆ ಬಂದದ್ದು ಮಾತು ಮಾತ್ರ. ಐನಾಪುರದ ದ್ರಾಕ್ಷಿ ತೋಟದ ತುಂಬಿದ ಮನೆಯಲ್ಲಿ ಬೆಳೆದವಳು. ಕೇಳುವವರು ಸಿಕ್ಕರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಶೈಲಾ ಮೇಡಂ ಬಾಯಿಗೆ ಬೀಗವಿಲ್ಲ ಎಂದು ಹುಡುಗರು ಆಡಿಕೊಳ್ಳುವುದು ಸುಳ್ಳಲ್ಲ.

ನೀಲಮ ಕಬ್ಬೂರಿನ ಬೌದ್ಧ ಮನೆತನದವಳು. ಅವಳ ಎಡಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಂಟಿದೆ. ಹುಟ್ಟಿದಾಗ ಅಲ್ಲಿ ಇನ್ನೊಂದು ಪುಟ್ಟ ಹೆಬ್ಬೆರಳಿತ್ತಂತೆ. ಅಜ್ಜಿ ಶೇವಂತಾ ಕುದುರೆಕೂದಲು ಬಿಗಿದು ಅದನ್ನು ಉದುರಿಸಿದ್ದಳು. ಅಜ್ಜಿಗೂ ಹಾಗೇ ಇತ್ತಂತೆ. ನೀಲಮಳನ್ನು ಅಂಕಲಿಗೆ ಕೊಟ್ಟರು. ಗಂಡ ಸಮಾಧಾನ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಆರು ವರ್ಷದಲ್ಲಿ ಎರಡು ಸಲ ಬಸಿರು ನಿಂತು ಇಳಿದುಹೋಯಿತು. ಮೂರನೆಯದು ಉಳಿಯಿತು.

ಮೂರು ತಿಂಗಳಾಗಿದ್ದಾಗ ಕಬ್ಬಿನ ಗದ್ದೆಯಲ್ಲಿ ಟ್ರೇಲರಿನ ಕೆಳಗೆ ಹಾವೊಂದು ನುಸುಳಿತು. ಸಮಾಧಾನ ಅದನ್ನು ಸಲಾಕೆಯಿಂದ ಹೊಡೆದ. ಹೆಂಡತಿ ಬಸುರಿ ಇರುವಾಗ ಗಂಡ ಹಾವು ಹೊಡೆಯಬಾರದು, ಹೊಡೆದರೆ ಕೂಸು ಕೈಕಾಲಿಲ್ಲದೆ ಹುಟ್ಟುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಕಬ್ಬು ಕಡಿಯುವವರು ಕೆಲಸ ಬಿಟ್ಟು ಅವನನ್ನೇ ನೋಡಿದರು. “ನಾವು ಬೌದ್ಧರು, ಇಂತಾವೆಲ್ಲಾ ಬಿಟ್ಟು ಎರಡು ತಲಿ ಆತು” ಎಂದು ಅವನು ನಕ್ಕ, ಮನೆಗೆ ಬಂದು ಹೆಂಡತಿಯ ಮುಂದೆಯೂ ನಕ್ಕ. ಅವಳೂ ನಕ್ಕಳು. ಆದರೆ ಪೂಜೆ ಬಿಟ್ಟಷ್ಟು ಸುಲಭವಾಗಿ ಅಂಜಿಕೆ ಬಿಡುವುದಿಲ್ಲ. ಪಿಎಚ್‌.ಡಿ. ಮಾಡಿದ ನಾನೇ ಬೆಕ್ಕು ಅಡ್ಡ ಬಂದರೆ ಸ್ಕೂಟಿ ನಿಧಾನ ಮಾಡುತ್ತೇನೆ.

ಈ ಹಾವಿನ ಸಂಗತಿ ನನಗೆ ಆಗ ಗೊತ್ತಿರಲಿಲ್ಲ. ನೀಲಮಳಿಗೆ ಐದು ತಿಂಗಳಾಗುತ್ತ ಬಂದಾಗ ಬಿ.ಎಸ್ಸಿ. ಹುಡುಗರಿಗೆ ಭ್ರೂಣದ ಪಾಠ ಮಾಡುತ್ತಿದ್ದೆ. ಬಟ್ಟಲಿನ ಮರಿಯ ಪಕ್ಕೆಯಲ್ಲಿ ಎಳ್ಳಿನಷ್ಟು ಮೊಗ್ಗು ತೋರಿಸಿ, ಇದೇ ಮುಂದೆ ಕಾಲಾಗುತ್ತದೆ ಎಂದೆ. ಕೋಳಿ, ಇಲಿ, ಮನುಷ್ಯ, ಎಲ್ಲರಲ್ಲೂ ಕಾಲು ಮಾಡುವ ಜೀನ್‌ಗಳು ಹೆಚ್ಚುಕಡಿಮೆ ಅವೇ. ಬಲ್ಬು ಒಂದೇ, ಅದನ್ನು ಎಲ್ಲಿ, ಯಾವಾಗ ಹೊತ್ತಿಸಬೇಕೆನ್ನುವ ಸ್ವಿಚ್ಚು ಬೇರೆ. ಹಾವಿನಲ್ಲೂ ಆ ಜೀನ್ ಇದೆ, ಬೇರೆ ಅಂಗಗಳಿಗೆ ಅದು ಬೇಕು. ಕಾಲಿನ ಜಾಗದಲ್ಲಿ ಅದನ್ನು ಹೊತ್ತಿಸುವ ಸ್ವಿಚ್ಚು ಮಾತ್ರ ಕೋಟಿಗಟ್ಟಲೆ ವರ್ಷಗಳಲ್ಲಿ ಕೆಟ್ಟುಹೋಯಿತು. ಹಾವಿನ ಆ ಸ್ವಿಚ್ಚನ್ನು ವಿಜ್ಞಾನಿಗಳು ಇಲಿಯ ಸ್ವಿಚ್ಚಿನ ಜಾಗದಲ್ಲಿ ಕೂರಿಸಿ ನೋಡಿದರು. ಇಲಿಮರಿಗಳು ಮೊಂಡು ಕೈಕಾಲಿನಿಂದ ಹುಟ್ಟಿದವು. ಹುಡುಗರು “ಅಬಬಬ” ಎಂದರು. ನನಗೆ ಎಲ್ಲಿಲ್ಲದ ಹುರುಪು ಬಂತು.

ಎಲ್ಲರೂ ಹೋದ ಮೇಲೆ ನೀಲಮ ಕೇಳಿದಳು: “ಮೇಡಂ, ಆ ಹಾವಿಂದು ಸ್ವಿಚ್ಚು ಮನಷ್ಯಾರಿಗೂ ಇರ್ತೈತೇನ್ರಿ?”

“ಯಾಕ ಇರಂಗಿಲ್ಲ? ಅದೇ ಸ್ವಿಚ್ಚು. ನಿನ್ನ ಹೆಬ್ಬಟ್ಟಿನ ಗಂಟೂ ಅದರದೇ ಕಿತಾಪತಿ. ನಿನ್ನ ಕೂಸಿಗೂ ಬಂದ್ರ ಬಂತು, ಅರ್ಧಕ್ಕರ್ಧ.”

ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಇಷ್ಟು ಹೇಳಿ ಮುಗಿಸಿದೆ. ‘ಇರಬಹುದು’ ಎನ್ನುವ ಕಡೆ ‘ಹೌದು’ ಎಂದಿದ್ದೆ. ಬರುವುದಾದರೆ ಹೆಚ್ಚಿನ ಬೆರಳು ಬರುತ್ತದೆ, ಕಾಲು ಹೋಗುವುದಿಲ್ಲ ಎಂದು ಬಿಡಿಸಿ ಹೇಳಲಿಲ್ಲ. ಅವಳು ಬಟ್ಟಲು ತೊಳೆದಿಟ್ಟು ಹೋದಳು.

ಮರುದಿನ ಬರಲಿಲ್ಲ. ಎಂಟು ದಿನ ಬರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ತಲೆಯ ಮೇಲಿತ್ತು, ನಾನು ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಒಂಬತ್ತನೆಯ ದಿನ ಅವಳ ಅತ್ತೆ ಅಕ್ಕುತಾಯಿ ನೇರ ಪ್ರಯೋಗಾಲಯಕ್ಕೇ ಬಂದಳು. ಬಸುರಿ ಸೊಸೆಯಿಂದ ಮೊಟ್ಟೆ ಒಡೆಸುತ್ತೀರಾ ಎಂದು ಜಗಳ ತೆಗೆಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಗುಳಿಗೆಯ ಪಟ್ಟಿಯೊಂದನ್ನು ಇಟ್ಟಳು.

“ಏನ್ ಹೇಳೀರಿ ಅಕ್ಕಾರ ನನ್ನ ಸೊಸಿಗೆ? ಬಾಯಾಗ ತುತ್ತ ಇಡವಲ್ಲಳು, ಹೊಟ್ಟಿ ಫೋಟೊ ತಗಸಾಕ ದವಾಖಾನಿಗೆ ನಡಿ ಅಂದ್ರ ಬರವಲ್ಲಳು. ಇದು ಆಕೀ ದಿಂಬಿನ ಬುಡಕ ಸಿಕ್ತು. ಓದಿದಾಕಿ ನೀವು, ಇದ ಎದರದು ಹೇಳ್ರಿ.”

ಓದಿದೆ. ಬಸಿರು ತೆಗೆಯುವ ಗುಳಿಗೆ. ಒಂದರ ಜಾಗ ಖಾಲಿ ಇತ್ತು.

ಅಕ್ಕುತಾಯಿಯನ್ನು ಹಿಂದೆ ಕೂರಿಸಿಕೊಂಡು ಅಂಕಲಿಗೆ ಸ್ಕೂಟಿ ಓಡಿಸಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದನ್ನು ದಾಟುವಾಗಲೂ ಮುದುಕಿ ನನ್ನ ಭುಜ ಹಿಂಡುತ್ತಿದ್ದಳು. ಹಾವಿನ ಸುದ್ದಿಯನ್ನು ಅವಳು ಹೇಳಿದ್ದು ಆ ದಾರಿಯಲ್ಲೇ. ಕೇಳಿದ ಕ್ಷಣ ನನ್ನ ಪಾಠ ಅವಳ ಸೊಸೆಯ ಕಿವಿಗೆ ಹೇಗೆ ಬಿದ್ದಿರಬೇಕೆಂದು ತಿಳಿಯಿತು.

ನೀಲಮ ಗೋಡೆಗೆ ಆತು ಕೂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು.

“ಹೊಟ್ಟ್ಯಾಗ ಒದೀತಿದ್ದಿಲ್ರಿ ಮೇಡಂ, ಹರದಾಡ್ತಿತ್ತು. ನಂಗ ಗೊತ್ತಾಗೇತಿ, ಅದಕ್ಕ ಕಾಲ ಇಲ್ಲ.”

“ಮೊದಲ ಮೊದಲ ಎಲ್ಲಾರಿಗೂ ಹಂಗ ಆಗ್ತೈತವಾ. ಹಾವಿನ ಸ್ವಿಚ್ಚು ಕೆಡಾಕ ಕೋಟಿ ವರ್ಷ ಹಿಡದಾವ. ನಿನ್ನ ಗಂಡ ಒಂದ್ಸಲ ಸಲಾಕಿ ಬೀಸಿದ್ರ ಅದು ಬಂದು ನಿನ್ನ ಹೊಟ್ಟ್ಯಾಗ ಕೂಡಂಗಿಲ್ಲ.”

“ಅವತ್ತ ಅದೇ ಸ್ವಿಚ್ಚು ಅಂದ್ರೆಲ್ಲ?”

ಗುಳಿಗೆ ಯಾವಾಗ ನುಂಗಿದೆ ಎಂದು ಕೇಳಿದೆ.

“ಮೊನ್ನೆ ಮುಂಜಾನೆ. ಉಳದದ್ದು ನುಂಗಬೇಕು ಅನ್ನೂದ್ರಾಗ ಅದು ಒಳಗ ಹೊರಳಿತ್ರಿ. ಕೈ ಏಳಲಿಲ್ಲ.” ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಆಗಿಂದ ಹರದಾಡೂದೂ ನಿಂತೈತ್ರಿ.”

ಅಕ್ಕುತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೈಯಲಿಲ್ಲ. ಸೊಸೆಯ ಕಾಲಿಗೆ ತಾನೇ ಚಪ್ಪಲಿ ತೊಡಿಸಿ, “ಏಳಽ ನನ್ನವ್ವ” ಎಂದಳು.

ಸಮಾಧಾನ ಎಲ್ಲಿಂದಲೋ ಜೀಪೊಂದನ್ನು ತಂದ. ಚಿಕ್ಕೋಡಿಯ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿಂಗ್ ಕೋಣೆಯಲ್ಲಿ ಗುಳಿಗೆಯ ವಿಷಯ ನಾನೇ ಹೇಳಿದೆ. ವೈದ್ಯೆ ನನ್ನ ಮುಖವನ್ನು ಒಮ್ಮೆ ನೋಡಿ, ನೀಲಮಳ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಪರದೆಯ ಮೇಲೆ ಬರೀ ಬೂದು ಬಣ್ಣ. ಆ ಬೂದು ಬಣ್ಣದಲ್ಲಿ ನಾನು ಕಾಲು ಹುಡುಕಲಿಲ್ಲ. ಸತ್ತ ಕೂಸನ್ನು ತೋರಿಸಬೇಡ ಎಂದು ಯಾರನ್ನು ಬೇಡಿಕೊಳ್ಳಬೇಕೋ ತಿಳಿಯದೆ, ಸುಮ್ಮನೆ ಬೇಡಿಕೊಳ್ಳುತ್ತಿದ್ದೆ. ಯಂತ್ರ ಅತ್ತ ಸರಿಯಿತು, ಇತ್ತ ಸರಿಯಿತು, ನಿಂತಿತು. ಆಮೇಲೆ ಕೋಣೆಯ ತುಂಬ ದಬದಬ ಸದ್ದು.

“ಗುಂಡಗಿ ಛಲೋ ಬಡೀತೈತಿ” ಎಂದರು ವೈದ್ಯೆ. “ಇವು ಎರಡು ಕಾಲು. ಇವು ಎರಡು ಕೈ.”

“ಇನ್ನೊಮ್ಮೆ ಎಣಸ್ರಿ” ಎಂದಳು ನೀಲಮ.

ಅವರು ಇನ್ನೊಮ್ಮೆ ತೋರಿಸಿದರು. ಎಡಗೈಗೆ ಒಂದು ಸಣ್ಣ ಹೆಬ್ಬೆರಳು ಹೆಚ್ಚಿಗೆ ಇದ್ದಂತೆ ಕಾಣುತ್ತದೆ, ಅಂಜುವಂಥದ್ದೇನಲ್ಲ ಎಂದರು.

“ಹೆಚ್ಚಿಗಿ ಇದ್ರ ಇರ್ಲಿ ಬಿಡ್ರಿ ಡಾಕ್ಟರ ಬಾಯಿ, ಕಡಿಮಿ ಇಲ್ಲಲ್ಲ?” ಎಂದು ಅಕ್ಕುತಾಯಿ ಅಳುತ್ತಲೇ ನಕ್ಕಳು. ನೀಲಮ ನಗಲಿಲ್ಲ. “ನಾ ನುಂಗಿದ್ದು?” ಎಂದಳು. ಸದ್ಯಕ್ಕೆ ಎಲ್ಲ ಸರಿಯಾಗಿ ಕಾಣುತ್ತಿದೆ ಎಂದರು ವೈದ್ಯೆ. ಆ ‘ಸದ್ಯಕ್ಕೆ’ ನೀಲಮಳ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಈಗ ಮಗಳು ಮನೀಷಾಗೆ ಹದಿನಾರು ತಿಂಗಳು. ಆರು ಬೆರಳಿನ ಕೈಯಿಂದ ಅಜ್ಜಿ ಅಕ್ಕುತಾಯಿಯ ಎಲೆಯಡಿಕೆ ಚೀಲ ಕಸಿದುಕೊಂಡು ಅಂಗಳವೆಲ್ಲ ಓಡುತ್ತಾಳೆ. ಮಾತು ಇನ್ನೂ ಬಂದಿಲ್ಲ. ಕೆಲವು ಮಕ್ಕಳಿಗೆ ತಡವಾಗುತ್ತದೆ, ಕಾಯಿರಿ ಎಂದಿದ್ದಾರೆ ವೈದ್ಯೆ. ಕೆಲಸಕ್ಕೆ ಮರಳಿರುವ ನೀಲಮ ವಾರಕ್ಕೊಮ್ಮೆಯಾದರೂ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾಳೆ.

“ಆ ಗುಳಗಿಂದೇನ್ರಿ ಮೇಡಂ?”

“ಗೊತ್ತಿಲ್ಲ ನೀಲಮ” ಎನ್ನುತ್ತೇನೆ. ನಿಜಕ್ಕೂ ಗೊತ್ತಿಲ್ಲ. ಹಾವಿನ ಭಯವನ್ನು ಅವಳು ಗಂಡನ ಜೊತೆ ಹಂಚಿಕೊಳ್ಳಬಹುದಿತ್ತು, ಇದನ್ನು ಒಬ್ಬಳೇ ಹೊತ್ತಿದ್ದಾಳೆ. ಕೂಸನ್ನು ಕೊಲ್ಲಹೋದವಳು ತಾನು ಎಂದೇ ನಂಬಿದ್ದಾಳೆ. ನನ್ನ ಪಾಠದ ಮೇಲೆ ಒಂದು ದಿನವೂ ತಪ್ಪು ಹೊರಿಸಿಲ್ಲ. ಆ ಗುಳಿಗೆ ನುಂಗಿಸಿದವಳು ನಾನು ಎಂದು ಅವಳಿಗೆ ಹೇಳಬೇಕು. ಮಾತಿನಲ್ಲಿ ಯಾರಿಗೂ ಸೋಲದ ನನಗೆ ಅದಷ್ಟನ್ನು ಹೇಳಲು ಭಯ.