ಚಿತ್ರಕ್ಕೊಂದು ದಡಿ

ತಂಗಿಯ ಮದುವೆಗೆಂದು ಬನಹಟ್ಟಿಯ ತವರುಮನೆಗೆ ಬಣ್ಣ ಹೊಡೆಸುತ್ತಿದ್ದೆವು. ನಾನು ಮುಧೋಳದಿಂದ ಮೊದಲೇ ಬಂದು ಉಸ್ತುವಾರಿ ವಹಿಸಿಕೊಂಡಿದ್ದೆ. ಅಂದರೆ ಪೇಂಟರನ ತಲೆ ತಿನ್ನುತ್ತಿದ್ದೆ. ಟರ್ಪಂಟೈನ್ ವಾಸನೆಗೆ ತಲೆ ಸಿಡಿಯುತ್ತಿದ್ದ ಹೊತ್ತಿನಲ್ಲಿ ಆತ ಗೇಟಿನ ಕಡೆಯಿಂದ ಕೂಗಿದ. "ಅಕ್ಕಾರ, ಇಲ್ಲೊಂದು ರೇಡಿಯಂ ಪಟ್ಟಿ ಐತ್ರಿ. ಕೆರದ ಒಗೀಲೇನ್ರಿ?"

ಹೋಗಿ ನೋಡಿದೆ. ಗೇಟಿನ ಒಳಮೈಯಲ್ಲಿ, ಚಿಲಕದ ಪಕ್ಕ, ಬೆರಳುದ್ದದ ಪಟ್ಟಿ. ಕಬ್ಬಿನ ಟ್ರಾಲಿಗಳ ಹಿಂದೆ, ಕತ್ತಲಲ್ಲಿ ಗಾಡಿಯ ಬೆಳಕು ಬಿದ್ದರೆ ಹೊಳೆಯಲೆಂದು ಹಚ್ಚುತ್ತಾರಲ್ಲ, ಅದೇ. ಒಂದು ಕಾಲಕ್ಕೆ ಕೆಂಪಗಿದ್ದದ್ದು ಈಗ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ಯಾರ ಹಚ್ಯಾರೋ ಏನೋ, ತಿಳೀಲಾರದವ್ರು. ಒಳಗ ಹಚ್ಚಿದ್ರ ಯಾವ ಗಾಡಿ ಬೆಳಕ ಬೀಳತೈತ್ರಿ?" ಎಂದು ಪೇಂಟರ್ ನಕ್ಕ. ನನಗೆ ನಗು ಬರಲಿಲ್ಲ. ಅದನ್ನು ಮುಟ್ಟಬೇಡಿ ಎಂದೆ, ಬೇಕಾದದ್ದಕ್ಕಿಂತ ಜೋರಾಗಿಯೇ.

ಹಚ್ಚಿದವರು ಎದುರುಮನೆಯ ಕಾಕಾ. ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ಹರೆಯದಲ್ಲಿ ಮಗ್ಗದ ಮೇಲೆ ಕೂತವರು, ಆಮೇಲೆ ಪವರ್‌ಲೂಮಿನ ಶೆಡ್ಡಿನಲ್ಲಿ ದುಡಿದವರು, ಕೊನೆಗೆ ಆಟೋ ಹಿಡಿದಿದ್ದರು. ಶೆಡ್ಡಿನ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದ ಅಭ್ಯಾಸ ಹೋಗಿರಲಿಲ್ಲ. ಅವರು ಗುಟ್ಟು ಹೇಳಿದರೆ ಮೂರನೆಯ ಮನೆಯವರು ಹೂಂಗುಟ್ಟುತ್ತಿದ್ದರು. ನಮ್ಮ ಓಣಿಯ ಮಕ್ಕಳನ್ನೆಲ್ಲ ಬೆಳಿಗ್ಗೆ ಜಮಖಂಡಿ ರಸ್ತೆಯಲ್ಲಿದ್ದ ಶಾಲೆಗೆ ಒಯ್ಯುವುದು, ಸಂಜೆ ತರುವುದು ಅವರ ಕೆಲಸ. ಆಗ ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ತಂಗಿಯೂ ಅದರಲ್ಲೇ ಹೋಗುತ್ತಿದ್ದಳು.

ಸಂಜೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಕಾಕಾ ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದರು. ಚಹಾ ನೆಪ. ಅವರ ಕಣ್ಣು ಇದ್ದದ್ದು ನಮ್ಮ ಟಿವಿಯ ಮೇಲೆ, ಅದರ ಕೆಳಗಿನ ವಿಡಿಯೋ ಗೇಮಿನ ಡಬ್ಬಿಯ ಮೇಲೆ. ಸೊಲ್ಲಾಪುರದ ಸೋದರಮಾವನ ಮಗ ಹೊಸದು ಕೊಂಡು ಹಳೆಯದನ್ನು ನನಗೆ ಸಾಗಹಾಕಿದ್ದ. ನಾನು ಆಗ ಡಿಗ್ರಿ ಓದುತ್ತಿದ್ದೆ. ಹೆಣ್ಣುಹುಡುಗಿಗೆ ಇದೆಂಥ ಹುಚ್ಚು ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಬಯ್ಯುತ್ತಿದ್ದಳು. ಬೈಗುಳಕ್ಕೂ ರೊಟ್ಟಿಗೂ ಒಂದೇ ತಾಳ.

ಇಬ್ಬರಿಗೂ ಕಾರಿನ ಓಟವೇ ಇಷ್ಟ, ಆದರೆ ಚಿತ್ರದ ವಿಷಯದಲ್ಲಿ ನಾನು ಉತ್ತರ, ಅವರು ದಕ್ಷಿಣ. ನನ್ನ ಹತ್ತಿರ ಎರಡು ಆಟಗಳಿದ್ದವು. ಒಂದರಲ್ಲಿ ಎಲ್ಲ ಥೇಟ್ ನಿಜದಂತೆ: ಮಳೆಗೆ ನೆನೆದ ರಸ್ತೆ, ಅದರಲ್ಲಿ ಮೋಡದ ನೆರಳು, ಗಾಜಿನ ಮೇಲೆ ಧೂಳು. ಇನ್ನೊಂದು ಕಾರ್ಟೂನು. ಉಬ್ಬಿದ ಪುಗ್ಗೆಯಂಥ ಕಾರುಗಳು, ರೊಟ್ಟಿಗೆ ಕಣ್ಣು ಬರೆದಂಥ ಮುಖಗಳು, ಪ್ರತಿಯೊಂದರ ಸುತ್ತ ದಪ್ಪ ಕಪ್ಪು ಗೆರೆ. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಚಿತ್ರ ಬರೆಯಲು ಬಾರದವರು ಗೆರೆ ಎಳೆದು ಕೈತೊಳೆದುಕೊಂಡಿದ್ದಾರೆ ಎನ್ನುವುದು ನನ್ನ ತೀರ್ಪು.

"ಕಾಕಾ, ಇದು ಸಣ್ಣ ಹುಡುಗರ ಗೊಂಬಿ ಆಟ್ರಿ," ಎಂದು ಕೆಣಕುತ್ತಿದ್ದೆ.

"ನಿನ್ನ ಖರೆ ಆಟ ನೀನಽ ಇಟ್ಕೋ ಬೇ. ಚಿತ್ರಕ್ಕೊಂದು ದಡಿ ಇರಬೇಕು. ದಡಿ ಇಲ್ಲದ್ದು ಸೀರಿ ಹೆಂಗ ಆಗತೈತಿ?"

ನೇಕಾರರ ಊರಿನಲ್ಲಿ ಇದಕ್ಕಿಂತ ದೊಡ್ಡ ವಾದವಿಲ್ಲ. ಸೀರೆಯ ಒಡಲು ಹೇಗಾದರೂ ಇರಲಿ, ಅದರ ಅಂಚು, ಅಂದರೆ ದಡಿ, ನೋಡಿಯೇ ನಮ್ಮ ಹೆಂಗಸರು ಸೆರಗಿಗೆ ಕೈ ಹಾಕುವುದು. ಅಡುಗೆಮನೆಯಿಂದ ಅವ್ವನೂ ಕಾಕಾನ ಪರ ವಹಿಸಿದಳು. ನೇಕಾರನ ಕಣ್ಣು, ದಡಿ ಕೇಳುತ್ತದೆ ಎಂದು ಎಲ್ಲರೂ ನಕ್ಕೆವು... ಬೇರೆ ಊರಿನವರಾಗಿದ್ದರೆ ಬಹುಶಃ ಆ ಮಾತನ್ನು ಇನ್ನೊಂದು ರೀತಿ ಕೇಳಿಸಿಕೊಳ್ಳುತ್ತಿದ್ದರು. ನಮಗೆ ಸೀರೆ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಕಾರ್ಟೂನ್ ಆಟದಲ್ಲಿ ಅವರು ನನ್ನನ್ನು ಸೋಲಿಸುತ್ತಿದ್ದರು. ನಿಜದಂಥ ಆಟದಲ್ಲಿ ಮೊದಲ ತಿರುವಿಗೇ ಕಾರು ಗೋಡೆಗೆ ಬಡಿಯುತ್ತಿತ್ತು. ಕುಣಿಯಲು ಬಾರದವಳಿಗೆ ಅಂಗಳ ಡೊಂಕು ಎಂದು ನಾನು ಹಂಗಿಸುತ್ತಿದ್ದೆ.

ಆ ಚಳಿಗಾಲದಲ್ಲೇ ಅವರಿಗೆ ರೇಡಿಯಂ ಹಚ್ಚುವ ಹುಚ್ಚು ಹಿಡಿಯಿತು. ಕಬ್ಬಿನ ಸುಗ್ಗಿ; ಜೋಡು ಟ್ರಾಲಿಯ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಏನಿಲ್ಲ. ಚಹಾದಂಗಡಿ ಮುಂದೆ ನಿಂತ ಟ್ರಾಲಿಗಳಿಗೆಲ್ಲ ಕಾಕಾ ಕೇಳದೆಯೇ ಪಟ್ಟಿ ಅಂಟಿಸುತ್ತಿದ್ದರು. ಹೊರಚಾಚಿದ ಕಟ್ಟೆ, ವಿದ್ಯುತ್ ಕಂಬ, ಯಾರದೋ ಎಮ್ಮೆಯ ಕೋಡು, ಯಾವುದನ್ನೂ ಬಿಡಲಿಲ್ಲ. ಓಣಿಯ ಗಣಪತಿ ಮಂಡಳಿಯವರು ಅದೇ ಕಾರಣಕ್ಕೆ ಒಂದು ಶಾಲು ಹೊದಿಸಿ ಫೋಟೋ ತೆಗೆಸಿದರು. ಫೋಟೋದಲ್ಲಿ ಕಾಕಾ ಕ್ಯಾಮೆರಾದ ಕಡೆ ನೋಡುತ್ತಿಲ್ಲ. ಎಲ್ಲೋ ಪಕ್ಕಕ್ಕೆ ನೋಡುತ್ತಿದ್ದಾರೆ.

ಒಂದು ಸಂಜೆ ಹಟ ಹಿಡಿದು ಅವರ ಕೈಗೆ ನನ್ನ ಖರೆ ಆಟವನ್ನೇ ಕೊಟ್ಟೆ. ಪರದೆಯ ಮೇಲೆ ಮೋಡದ ಹಗಲು, ಬೂದು ರಸ್ತೆ, ರಸ್ತೆಯ ನಡುವೆ ಕೆಟ್ಟು ನಿಂತ ಬೂದು ಲಾರಿ. ಕಾಕಾ ನೇರ ಅದರತ್ತಲೇ ಹೊರಟಿದ್ದರು.

"ಕಾಕಾ, ಲಾರಿರೀ!"

"ಎಲ್ಲೈತಿ?"

ಲಾರಿ ಅರ್ಧ ಪರದೆ ತುಂಬಿತ್ತು. ಕಾರು ಹೋಗಿ ಬಡಿಯಿತು. ನಾನು ನಕ್ಕೆ. ನೆಲದ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದ ತಂಗಿ ತಲೆಯೆತ್ತದೆ ಹೇಳಿದಳು: "ಹಂಗಲ್ಲಕ್ಕಾ, ಮೊದಲಽ ಹೇಳಬೇಕು. ಆಟೋದಾಗ ನಾವು ಮೊದಲಽ ಹೇಳ್ತೀವಿ."

ಏನು ಹೇಳುತ್ತೀರಿ ಎಂದೆ.

"ಟ್ರಾಲಿ ಬಂದ್ರ ಟ್ರಾಲಿ ಅನ್ನೂದು. ನಾಯಿ ಬಂದ್ರ ನಾಯಿ ಅನ್ನೂದು. ಮುಂದ ಕುಂತವರು ಮೊದಲ ಹೇಳಿದ್ರ ಕಾಕಾ ಪೆಪ್ಪರಮಿಂಟ್ ಕೊಡ್ತಾರ."

ನನ್ನ ನಗು ನಿಂತಿತು. ಕಾಕಾ ಕೈಯಲ್ಲಿದ್ದ ಆಟದ ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು, ಇಡುವ ಮೊದಲು ಚಾಪೆಯನ್ನು ಬೆರಳಿನಿಂದ ಹುಡುಕಿದರು. ಆ ಬೆರಳುಗಳನ್ನು ನೋಡಿದ ಮೇಲೆ ನನಗೆ ಕೇಳುವುದೇನೂ ಉಳಿಯಲಿಲ್ಲ.

ಹೊರಗೆ ಆಟೋದ ಹತ್ತಿರ ಅವರೇ ಹೇಳಿದರು. ಮೊದಲ ಬಾರಿಗೆ ಅವರ ದನಿ ಸಣ್ಣದಾಗಿತ್ತು. ಮಿರಜಿನ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿದ್ದರಂತೆ, ಕಣ್ಣಿನ ನರ ಒಣಗುತ್ತಿದೆಯಂತೆ, ಹೋದ ನೋಟ ಮರಳಿ ಬರುವುದಿಲ್ಲವಂತೆ. "ಬಿಸಲಿದ್ರ ಕಾಣತೈತಿ ಬೇ. ಒಂದರಾಗ ಒಂದು ಕಲೆತದ್ದಷ್ಟ ತಿಳಿಯೂದಿಲ್ಲ. ದಡಿ ಇದ್ರ ಸಾಕು, ಹಿಡೀತೇನಿ. ಪರೀಕ್ಷಾ ಮುಗಿಯೂತನಾ ಹೊಡದು ಬಿಟ್ಟಬಿಡತೇನಿ. ಅವ್ವಗ ಹೇಳಬ್ಯಾಡ."

ನನಗೆ ಸಿಟ್ಟು ಬಂದಿತ್ತು. ಅವರ ಮೇಲೆ ಅಷ್ಟೇ ಪ್ರೀತಿಯೂ ಇತ್ತು, ಅದೇ ತೊಂದರೆ. ಅವ್ವನಿಗೆ ಹೇಳಿದರೆ ಒಂದೇ ಗಳಿಗೆಯಲ್ಲಿ ಓಣಿಗೆಲ್ಲ ಗೊತ್ತಾಗುತ್ತದೆ, ಗಂಡಸರು ಬಂದು ಅವರನ್ನು ಆಟೋದಿಂದ ಎಳೆಯುತ್ತಾರೆ. ಸುಮ್ಮನಿದ್ದರೆ... ತಂಗಿಯನ್ನೊಬ್ಬಳನ್ನು ಮನೆಯಲ್ಲಿ ಕೂಡಿಸಿಕೊಳ್ಳಬಹುದು, ಆದರೆ ಉಳಿದ ಮಕ್ಕಳು ಯಾರ ಮಕ್ಕಳು? ನಾಳೆ ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ, ಹಗಲು ಕಾಣುತ್ತದೆ ಅನ್ನುತ್ತೀರಲ್ಲ, ನೋಡಿಯೇ ಬಿಡುತ್ತೇನೆ ಎಂದೆ.

ಬೆಳಿಗ್ಗೆ ಮಂಜು ಬಿದ್ದಿತ್ತು. ಹಿಂದೆ ಮಕ್ಕಳು ಚೀಲದ ಮೇಲೆ ಚೀಲ ಹೇರಿಕೊಂಡು ಗಲಾಟೆ ಮಾಡುತ್ತಿದ್ದರು. ಕಾಕಾ ಮೆಲ್ಲಗೇ ಹೊಡೆಯುತ್ತಿದ್ದರು, ಕತ್ತು ಮುಂದೆ ಚಾಚಿ. ಬಜಾರ ದಾಟುವವರೆಗೆ ಅವರಿಗೆ ಪ್ರತಿ ತಿರುವೂ ಬಾಯಿಪಾಠ. ಊರು ಬಿಟ್ಟಮೇಲೆ ಎರಡೂ ಕಡೆ ಕಬ್ಬು, ನಡುವೆ ಬೂದು ರಸ್ತೆ, ಮೇಲೆ ಬೂದು ಮುಗಿಲು. ಥೇಟ್ ನನ್ನ ಆಟದ ಚಿತ್ರ, ನಾನು ಹೊಗಳಿ ಹೊಗಳಿ ಅವರ ತಲೆ ತಿಂದಂಥದ್ದು. ಪಕ್ಕದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಸಣ್ಣ ಸೇತುವೆಯ ಆಚೆ ಒಂದು ಟ್ರಾಲಿ ನಿಂತಿತ್ತು. ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋಗಿದ್ದರು. ಚಾಲಕನಿಲ್ಲ, ದೀಪವಿಲ್ಲ, ಪಟ್ಟಿಯೂ ಇಲ್ಲ. ಬಣ್ಣ ಹೋದ ಕಬ್ಬಿಣ ಮಂಜಿನಲ್ಲಿ ಕಲೆತುಹೋಗಿತ್ತು. ಕಾಕಾನ ಮುಖ ನೋಡಿದೆ. ಆ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಟೋ ಅದೇ ವೇಗದಲ್ಲಿ ಹೊರಟಿತ್ತು. ಈಗ ಕಾಣುತ್ತದೆ, ಈಗ ಕಾಣುತ್ತದೆ ಎಂದುಕೊಂಡೆ... ಕಾಣಲಿಲ್ಲ.

"ಟ್ರಾಲಿ!" ಎಂದು ಕಿರುಚಿದೆ.

ಅವರು ಬ್ರೇಕ್ ತುಳಿದರು. ಆಟೋ ಒಂದು ಬದಿಗೆ ವಾಲಿ, ಮಣ್ಣಿಗಿಳಿದು ನಿಂತಿತು. ಟ್ರಾಲಿಯ ಮೂಲೆ ನಮ್ಮ ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ಆಮೇಲೆ ಹಿಂದಿನಿಂದ ಮಕ್ಕಳೆಲ್ಲ ಒಟ್ಟಿಗೆ ಕೇಕೆ ಹಾಕಿದರು: "ಅಕ್ಕ ಗೆದ್ಲು! ಕಾಕಾ, ಅಕ್ಕಗ ಪೆಪ್ಪರಮಿಂಟ್ ಕೊಡ್ರಿ!"

ಕಾಕಾ ಅಂಗಿಯ ಕಿಸೆಗೆ ಕೈ ಹಾಕಿದರು. ಒಂದು ಪೆಪ್ಪರಮಿಂಟ್ ತೆಗೆದು ನನ್ನ ಕಡೆ ಚಾಚಿದರು, ನಾನು ಇಸಿದುಕೊಂಡೆ. ಮಕ್ಕಳು ನೋಡುತ್ತಿದ್ದರಲ್ಲ, ಬಾಯಿಗೂ ಹಾಕಿಕೊಂಡೆ.

ಉಳಿದ ದಾರಿಗೆ ಅವರು ಕೀಲಿ ತಿರುಗಿಸಲಿಲ್ಲ. ಶಾಲೆ ಹತ್ತಿರವಿತ್ತು, ಮಕ್ಕಳನ್ನು ಸಾಲು ಹಿಡಿಸಿ ನಾನೇ ನಡೆಸಿಕೊಂಡು ಹೋಗಿ ಬಿಟ್ಟು ಬಂದೆ. ಫೋನ್ ಮಾಡಿದ ಮೇಲೆ ರಬಕವಿಯಿಂದ ಅವರ ಹೆಂಡತಿಯ ತಮ್ಮ ಬಂದು ಆಟೋ ಹೊಡೆದ. ಕಾಕಾ ಮೊದಲ ಬಾರಿ ತಮ್ಮದೇ ಆಟೋದ ಹಿಂದಿನ ಸೀಟಿನಲ್ಲಿ ಕೂತರು. ಹರಿದ ರೆಕ್ಸಿನ್ ಮೇಲೆ ಕೈಯಾಡಿಸಿ, "ಇಷ್ಟ ಹರದಿತ್ತೇನ ಇದು? ಹುಡುಗರು ಒಮ್ಮಿನೂ ಹೇಳಲಿಲ್ಲ," ಎಂದರು.

ಆ ಸಂಜೆ ಅವರೇ ಮನೆಮನೆಗೆ ಹೋಗಿ ಹೇಳಿದರು, ಜೊತೆಗೆ ನಾನೂ ಹೋದೆ. ಒಬ್ಬ ತಂದೆ ಕೈ ಎತ್ತಿಕೊಂಡೇ ಬಂದ. "ಮಕ್ಕಳ ಜೀವದ ಜೋಡಿ ಆಟ ಆಡ್ಯಾನಿಂವ!" ಆ ಸಿಟ್ಟು ತಪ್ಪೆನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಕಾಕಾ ತಲೆ ತಗ್ಗಿಸಿ ನಿಂತಿದ್ದರು. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದರು. ಶಾಲು ಹೊದಿಸಿದ ಮಂಡಳಿಯವರು, ಅಂವ ತನಗ ಕಾಣಲಿ ಅಂತ ಹಚ್ಚಿದ್ದು ಎಂದು ಆಡಿಕೊಂಡರು. ಅದೂ ನಿಜ. ಆದರೆ ಆ ಪಟ್ಟಿಗಳು ಹೊಳೆದದ್ದು ಎಲ್ಲರಿಗೂ.

ಆಟೋ ಹೋಯಿತು. ಓಣಿಯವರು ಬಹಳ ದಿನ ಮಾತು ಬಿಟ್ಟರು. ಸಂಜೆಯ ಚಹಾ ಮಾತ್ರ ನಿಲ್ಲಲಿಲ್ಲ. ಗೋಡೆ ಹಿಡಿದು ಬರುತ್ತಿದ್ದರು, ಕೂರುತ್ತಿದ್ದರು, ಕೆಲವು ತಿಂಗಳು ಕಾರ್ಟೂನ್ ಕಾರುಗಳನ್ನು ಓಡಿಸಿದರು. ಆಮೇಲೆ ಆ ದಪ್ಪ ಗೆರೆಗಳೂ ಅವರಿಗೆ ಅಳಿಸಿಹೋದವು. ಒಂದು ದಿನ ನಾನು ಆಡುತ್ತಿದ್ದಾಗ, ಮಳೆಯ ರಸ್ತೆಯ ಮೇಲೆ ಟೈರಿನ ಸಪ್ಪಳ ಕೇಳಿ ತಲೆದೂಗಿದರು. "ಈಗ ನಿನ್ನ ಖರೆ ಆಟನಽ ಛಲೋ ಬೇ. ಕೇಳಾಕ." ಗೆದ್ದದ್ದಕ್ಕೆ ನನಗೆ ಅಳು ಬಂದದ್ದು ಅದೊಂದೇ ಸಲ. ಅಂದಿನಿಂದ ನಾನು ಆಡುವುದು, ರಸ್ತೆಯ ಮೇಲೆ ಏನೇನಿದೆ ಎಂದು ಹೇಳುವುದು, ಅವರು ಕೇಳುವುದು... ಮದುವೆಯಾಗಿ ಮುಧೋಳಕ್ಕೆ ಹೋಗುವವರೆಗೂ ಹೀಗೇ ನಡೆಯಿತು.

ಈಗ ಆ ಎರಡೂ ಆಟ ಹಳೆಯವು. ನಿಜದಂಥದ್ದು ಎಂದು ನಾನು ಎದೆತಟ್ಟಿ ಹೇಳುತ್ತಿದ್ದ ಆಟವನ್ನು ಇವತ್ತು ನೋಡಿದರೆ ನಗು ಬರುತ್ತದೆ. ಮುಖಗಳು ಹಸಿಮಣ್ಣಿನವು, ಮಳೆ ಗಾಜಿನ ಚೂರು. ಕಾರ್ಟೂನಿನದು ಮಾತ್ರ ಅಂದಿನಂತೆಯೇ ಕಣ್ಣಿಗೆ ತುಂಬುತ್ತದೆ. ವಾದದಲ್ಲಿ ನಾನು ಸೋತೆ ಎಂದು ಹೇಳಬೇಕಾದವರೇ ಈಗಿಲ್ಲ. ಹೋದ ವರ್ಷ ತೀರಿಕೊಂಡರು. ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು.

ಪೇಂಟರ್ ಹೇಳಿದ್ದು ಸರಿ. ಗೇಟಿನ ಒಳಗೆ ಯಾವ ಗಾಡಿಯ ಬೆಳಕೂ ಬೀಳುವುದಿಲ್ಲ. ಹೊರಗೆ ನಿಂತು, ಗೇಟಿನ ಮೇಲಿಂದ ಕೈ ಇಳಿಬಿಟ್ಟು ಚಿಲಕ ಹುಡುಕುವವರ ಬೆರಳಷ್ಟೇ ಅದಕ್ಕೆ ತಾಕುತ್ತದೆ. ನಾನೂ ಹಾಗೇ ಹೊರಗೆ ನಿಂತು ಕೈ ಇಳಿಬಿಟ್ಟೆ. ಪಟ್ಟಿಯ ಮೇಲಂಚು ಸವೆದು ನುಣ್ಣಗಾಗಿತ್ತು.

ಇಷ್ಟು ಸವೆಯಲು ವರ್ಷಗಟ್ಟಲೆ ಬೇಕು. ನಾನು ಹೋದ ಮೇಲೂ ಬರುತ್ತಿದ್ದರೇನು ಎಂದು ಅವ್ವನನ್ನು ಕೇಳಿದೆ.

"ದಿನಾ ಬರ್ತಿದ್ರು," ಎಂದಳು ಅವ್ವ. "ಬಂದಾಳೇನು ಅಂತ ಕೇಳ್ತಿದ್ರು. ಇಲ್ಲರಿ ಅಂದ್ರ, ಬಂದ ಹಾದಿಲೇ ಹೊಳ್ಳಿ ಹೋಗ್ತಿದ್ರು."