ಒಂದು ಅಂಕದ ಮಳೆ

ಸಮಾಜ ವಿಜ್ಞಾನದ ಮೇಷ್ಟ್ರಾದ ನನಗೆ ಪ್ರಶ್ನೆಪತ್ರಿಕೆಯ ನೀಲನಕ್ಷೆ ಎಂದರೆ ಜಾತಕವಿದ್ದಂತೆ. ಯಾವ ಪ್ರಶ್ನೆ ಜ್ಞಾನದ ಮನೆಯಲ್ಲಿ, ಯಾವುದು ತಿಳಿವಳಿಕೆಯ ಮನೆಯಲ್ಲಿ, ಯಾವುದು ಅನ್ವಯದ ಮನೆಯಲ್ಲಿ ಕೂರಬೇಕೆಂದು ಮೊದಲೇ ಕೋಷ್ಟಕ ಹಾಕಬೇಕು. 'ಹೆಸರಿಸಿ' ಎಂದರೆ ಜ್ಞಾನ, 'ಕಾರಣ ಕೊಡಿ' ಎಂದರೆ ತಿಳಿವಳಿಕೆ. ಅನ್ವಯದ ಪ್ರಶ್ನೆ ಮಾತ್ರ ನನಗೆ ಜಪ್ಪಯ್ಯ ಅಂದರೂ ಹುಟ್ಟುತ್ತಿರಲಿಲ್ಲ. ಗೈಡಿನಿಂದ ಒಂದನ್ನು ಕದ್ದು ಆ ಮನೆ ತುಂಬಿಸುತ್ತಿದ್ದೆ. ಮಕ್ಕಳೂ ಅದೇ ಗೈಡಿನಿಂದ ಉತ್ತರ ಕದಿಯುತ್ತಿದ್ದರು.

ತೊಂಬತ್ತರ ದಶಕದ ಒಂದು ಮಾರ್ಚ್. ಮಲ್ಲಂದೂರಿನ ಮನೆಯ ಜಗಲಿಯಲ್ಲಿ ಕೂತು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ರೇವತಿ ಎಂಬ ಹುಡುಗಿಗೆ ಮೂವತ್ತನಾಲ್ಕು ಅಂಕ. ಪಾಸಾಗಲು ಮೂವತ್ತೈದು ಬೇಕು. ಎಸ್ಟೇಟಿನಲ್ಲಿ ಕೆಲಸ ಮಾಡುವ ಅವಳಪ್ಪ ಹಿಂದಿನ ವಾರವಷ್ಟೇ ಸಿಕ್ಕಿ, "ಈ ಸಲ ಫೇಲಾದ್ರೆ ಇವ್ಳನ್ನೂ ತೋಟಕ್ಕೆ ಕರ್ಕೊಂಡು ಹೋಗ್ತೀನಿ ಸಾರ್" ಎಂದಿದ್ದರು. ಒಂದು ಅಂಕ ಎಲ್ಲಾದರೂ ಸಿಕ್ಕೀತೆಂದು ಪತ್ರಿಕೆಯನ್ನು ಮೊದಲಿನಿಂದ ತಿರುವಿದೆ. ಹಾಗೆ ಹುಡುಕದ ಮೇಷ್ಟ್ರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

'ಕಾಫಿ ಬೆಳೆಗೆ ಎಷ್ಟು ಮಳೆ ಬೇಕು?' ಜ್ಞಾನದ ಮನೆ, ಒಂದು ಅಂಕ; ಪುಸ್ತಕದ ಸೆಂಟಿಮೀಟರು ಬರೆದರೆ ಮುಗಿಯಿತು. ರೇವತಿ ಬರೆದಿದ್ದಳು: 'ಎಷ್ಟು ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ಮುಖ್ಯ. ಮೊಗ್ಗು ಬಲಿತಾಗ ಅದನ್ನು ಅರಳಿಸುವ ಹೂಮಳೆ ಬರಬೇಕು. ಹೂ ಅರಳಿದ ದಿನ ಬರಬಾರದು. ಕಣದಲ್ಲಿ ಹಣ್ಣು ಒಣಗಲು ಹರಡಿದಾಗ ಬರಲೇಬಾರದು.' ಪಕ್ಕದಲ್ಲಿ ನಾನೇ ಹಾಕಿದ ಕೆಂಪು ಸೊನ್ನೆ.

ಅಷ್ಟರಲ್ಲಿ ನನ್ನ ಹೆಂಡತಿ ನಮ್ಮ ಎರಡೆಕರೆ ಕಾಫಿ ನೋಡಿಕೊಂಡು ಬಂದು, "ಈ ವಾರನೂ ಮಳೆ ಬರ್ಲಿಲ್ಲ ಅಂದ್ರೆ ಮೊಗ್ಗೆಲ್ಲ ಒಣಗಿ ಹೋಗ್ತವೆ ಕಣ್ರೀ. ಆಮೇಲೆ ಆಷಾಢದಲ್ಲಿ ಸುರಿದ್ರೆ ಏನ್ ಬಂತು?" ಎಂದಳು.

ನನಗೆ ನಾಚಿಕೆಯಾಯಿತು. ಎಂಟು ದಿನದಿಂದ ಎದ್ದ ಕೂಡಲೇ ಮುಗಿಲು ನೋಡುತ್ತಿದ್ದವನು ನಾನು. ಕೆಂಪು ಪೆನ್ನು ಹಿಡಿದೊಡನೆ ಅದೆಲ್ಲ ಮರೆತಿತ್ತು. ನಾನು ಕೇಳಿದ್ದು ಜ್ಞಾನ, ಹುಡುಗಿ ಕೊಟ್ಟದ್ದು ಅನ್ವಯ. ಸೊನ್ನೆ ಹೊಡೆದುಹಾಕಿ ಒಂದು ಬರೆದೆ. ರೇವತಿ ಹತ್ತನೇ ತರಗತಿಗೆ ಬಂದಳು.

ಆ ವರ್ಷದ ಟೆಸ್ಟಿನಲ್ಲಿ ಅನ್ವಯದ ಮನೆಗೆ ಹೆಮ್ಮೆಯಿಂದ ಸ್ವಂತ ಪ್ರಶ್ನೆ ಕೂರಿಸಿದೆ: 'ಕಾಫಿಗೆ ಮಳೆ ಯಾವಾಗ ಬೇಕು, ಯಾವಾಗ ಬೇಡ?' ಮೂರು ಅಂಕ. ಇಡೀ ತರಗತಿ ಒಂದಕ್ಷರ ಬಿಡದೆ ರೇವತಿಯ ಹಳೇ ಉತ್ತರವನ್ನೇ ಬರೆದಿತ್ತು. ಅದನ್ನು ಹೊಗಳಿ ಹೊಗಳಿ ನೋಟ್ಸ್ ಬರೆಸಿದವನು ನಾನೇ ತಾನೆ.

ರೇವತಿಯೊಬ್ಬಳು ಬೇರೆ ಬರೆದಿದ್ದಳು: 'ಕೆರೆ, ಸ್ಪ್ರಿಂಕ್ಲರ್ ಇದ್ದವರಿಗೆ ಬೇಕಾದ ದಿನವೇ ಮಳೆ. ಇಲ್ಲದವರಿಗೆ ಬಂದ ದಿನವೇ ಮಳೆ.'

ಇದಕ್ಕೆ ನನ್ನ ನೀಲನಕ್ಷೆಯಲ್ಲಿ ಮನೆಯೇ ಇರಲಿಲ್ಲ. ಮೂರಕ್ಕೆ ಮೂರು ಕೊಟ್ಟೆ. ಈ ಸಲ ನೋಟ್ಸ್ ಬರೆಸಲಿಲ್ಲ.